ಕಣ್ಣಿನ ಡಾಕ್ಟರ್ ಅಂತ ಹೇಳಿ

ಐದು ವರ್ಷದ ಹಿಂದೆ ನನ್ನ ಅಣ್ಣನಿಗೆ ಒಂದು ಸುಳ್ಳು ಹೇಳಿದ್ದೆ. "ಕನ್ನಡಕ ಹಳೇದಾಗಿದೆ ಅಣ್ಣ, ಬಾ, ಕಣ್ಣಿನ ಡಾಕ್ಟರ್ ಹತ್ರ ಹೋಗಿ ಬರೋಣ" ಅಂದೆ. ಅವನು ನಂಬಿದ. ಶರ್ಟ್ ಬದಲಾಯಿಸಿಕೊಂಡ. ಹಳೇ ಕನ್ನಡಕದ ನಂಬರ್ ಇದ್ದ ಚೀಟಿ ಹುಡುಕಿ ಜೇಬಿನಲ್ಲಿಟ್ಟುಕೊಂಡ. ಕಾರು ಹೋಗಿ ನಿಂತದ್ದು ಒಂದು ಮಾನಸಿಕ ಆಸ್ಪತ್ರೆಯ ಮುಂದೆ.

ಅವನು ಬೋರ್ಡು ಓದಿದ. ಆಮೇಲೆ ಜೇಬಿನಿಂದ ಆ ಚೀಟಿ ತೆಗೆದು ನನ್ನ ಕೈಗೆ ಕೊಟ್ಟ. "ಹಾಗಾದ್ರೆ ಇದು ಬೇಡ ಅಲ್ವಾ" ಅಂದ.

ಅಷ್ಟು ಹೊತ್ತಿಗೆ ಇಬ್ಬರು ಅಟೆಂಡರ್‌ಗಳು ಬಂದು ರಟ್ಟೆ ಹಿಡಿದಿದ್ದರು. ಒಳಗೆ ಇಂಜೆಕ್ಷನ್ ಕೊಟ್ಟರು. 23 ದಿನ ಆದ ಮೇಲೆ ಮನೆಗೆ ಬಂದ. ಆರಾಮಾಗಿದ್ದ, ನಿದ್ದೆ ಮಾಡುತ್ತಿದ್ದ, ಮಾತಾಡುತ್ತಿದ್ದ. ಎಲ್ಲರೂ ನನ್ನನ್ನು ಜಾಣೆ ಅಂದರು. ಜಗಳ ಇಲ್ಲ, ಗಲಾಟೆ ಇಲ್ಲ, ಅಕ್ಕಪಕ್ಕದವರಿಗೆ ಗೊತ್ತೂ ಆಗಲಿಲ್ಲ.

ಲೆಕ್ಕ ಆಮೇಲೆ ಶುರುವಾಯಿತು. ಅವನು ನನ್ನ ಜೊತೆ ಕಾರು ಹತ್ತುವುದನ್ನೇ ಬಿಟ್ಟ. ಹಲ್ಲು ನೋವು ಬಂದರೂ ಡಾಕ್ಟರ್ ಹತ್ತಿರ ಹೋಗಲಿಲ್ಲ. ಕನ್ನಡಕದ ಗಾಜಿನಲ್ಲಿ ಗೀರು ಬಿದ್ದು, ಒಂದು ಕಡ್ಡಿ ಮುರಿದು ಟೇಪ್ ಸುತ್ತಿಕೊಂಡು ಓಡಾಡಿದ. ಕಣ್ಣಿನ ಡಾಕ್ಟರ್ ಎಂಬ ಪದವನ್ನೇ ನಮ್ಮ ಮನೆಯಲ್ಲಿ ಯಾರೂ ಆಡುವ ಹಾಗಿರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. "ನಿನ್ನೆ ಯಾಕೋ ನಿದ್ದೆ ಬರಲಿಲ್ಲ ಕಣೆ" ಅಂತ ಮೊದಲೆಲ್ಲ ಅವನೇ ಬಂದು ಹೇಳುತ್ತಿದ್ದ. ಅದು ನಿಂತುಹೋಯಿತು. ಹೇಳಿದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಾಗಿತ್ತು.

ಹಾಗಾಗಿ ಎರಡನೇ ಸಲ ಕಾಯಿಲೆ ಬಂದಾಗ ನಮಗೆ ಗೊತ್ತಾದದ್ದು ತಡವಾಗಿ.

ಮೊದಲು ಕಂಡದ್ದು ಟಿವಿಯ ಸೆಟ್‌ಟಾಪ್ ಬಾಕ್ಸ್. ಅದರ ಕೆಂಪು ದೀಪದ ಮೇಲೆ ಕರೆಂಟ್ ಕೆಲಸದವರು ಬಳಸುವ ಕಪ್ಪು ಟೇಪ್ ಅಂಟಿಸಿದ್ದ. ಬೆಳಕು ಚುಚ್ಚುತ್ತಿರಬೇಕು ಅಂದುಕೊಂಡೆ. ಎರಡು ದಿನ ಆದ ಮೇಲೆ ಸ್ವಿಚ್‌ಬೋರ್ಡಿನ ಮೇಲೂ ಟೇಪ್. ಆಮೇಲೆ ಒಂದು ಬೆಳಗ್ಗೆ ಅವನ ರೂಮಿನ ಬೋರ್ಡಿನ ತಿರುಪುಗಳೆಲ್ಲ ಬಿಚ್ಚಿ, ಕಿಟಕಿಯ ಮೇಲೆ ಸಾಲಾಗಿ ಜೋಡಿಸಿದ್ದ. ಒಂದೂ ಕಳೆದಿರಲಿಲ್ಲ. ಅಷ್ಟು ಜಾಗ್ರತೆ. ಒಳಗೆ ಮೈಕ್ ಇದೆ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವನು ನಂಬಿದ್ದ. ಅಮ್ಮ ಕೊಟ್ಟ ನೀರನ್ನೂ ಕುಡಿಯುತ್ತಿರಲಿಲ್ಲ. ಅದಕ್ಕೆ ಕಾರಣ ಇತ್ತು. ಮಾತ್ರೆ ನಿಲ್ಲಿಸಿದ್ದಾನೆ ಅಂತ ಗೊತ್ತಾದಾಗ ಅಮ್ಮ ಪುಡಿ ಮಾಡಿ ನೀರಿಗೆ ಬೆರೆಸಿದ್ದರು, ಅವನು ಕಂಡುಹಿಡಿದಿದ್ದ. ನೀರಲ್ಲಿ ಏನೋ ಹಾಕಿದ್ದಾರೆ ಎಂಬ ಅವನ ಅನುಮಾನ ಕಾಯಿಲೆಯ ಭ್ರಮೆ ಅಂತ ಹೇಳುವ ಮುಖವೂ ನಮಗಿರಲಿಲ್ಲ. ಮನೆಯಲ್ಲಿ ಮಾತ್ರೆ ಕಲೆಸಿ ಕೊಡಬೇಕು ಅಂತ ಯಾರಿಗಾದರೂ ಅನ್ನಿಸುತ್ತಿದ್ದರೆ ದಯವಿಟ್ಟು ಬೇಡ. ಎಷ್ಟು ಒಳಗೆ ಹೋಯಿತು ಅನ್ನುವುದೂ ಗೊತ್ತಾಗಲ್ಲ, ಆಮೇಲೆ ಊಟವೂ ಬಿಡುತ್ತಾರೆ.

"ಅವನಿಗೆ ಬುದ್ಧಿ ಹೇಳಿ ಒಪ್ಪಿಸಬಾರದಾ?" ಅಂತ ಎಷ್ಟೋ ಜನ ಕೇಳಿದರು. ಕಾಲು ಮುರಿದವನಿಗೆ ಕಾಲು ಮುರಿದಿದೆ ಅಂತ ಗೊತ್ತಿರುತ್ತದೆ. ಈ ಕಾಯಿಲೆಯಲ್ಲಿ ಎಷ್ಟೋ ಸಲ ಆ ಗೊತ್ತಾಗುವಿಕೆಯೇ ಕೈಕೊಟ್ಟಿರುತ್ತದೆ. ಇದಕ್ಕೆ ಅನೊಸಾಗ್ನೋಸಿಯಾ ಎಂಬ ಹೆಸರಿದೆ. ಬಾಬಿನ್ಸ್ಕಿ ಎಂಬ ಫ್ರೆಂಚ್ ನರರೋಗ ತಜ್ಞ 1914ರಲ್ಲಿ ಆ ಹೆಸರಿಟ್ಟದ್ದು ಬೇರೆ ರೋಗಿಗಳನ್ನು ನೋಡಿ. ಲಕ್ವ ಹೊಡೆದು ಎಡಗೈ ಬಿದ್ದುಹೋಗಿದ್ದರೂ ಅವರಿಗೆ ಅದರ ಅರಿವೇ ಇರುತ್ತಿರಲಿಲ್ಲ. ಅದು ಹಟವೂ ಅಲ್ಲ, ಸುಳ್ಳೂ ಅಲ್ಲ. ಆಮೇಲೆ ಸ್ಕಿಜೋಫ್ರೀನಿಯಾ, ಉನ್ಮಾದದಂಥ ಮನಸ್ಸಿನ ಕಾಯಿಲೆಗಳ ಬಗ್ಗೆ ಮಾತಾಡುವಾಗಲೂ ಈ ಪದ ಬಳಕೆಗೆ ಬಂತು. ಇದನ್ನು ತಿಳಿದ ದಿನ ನಾನು ಅಣ್ಣನ ಜೊತೆ ವಾದ ಮಾಡುವುದನ್ನು ನಿಲ್ಲಿಸಿದೆ. ಮೈಕ್ ಇಲ್ಲ ಅಂತ ಸಾಧಿಸಲು ಹೋಗಲಿಲ್ಲ, ಇದೆ ಅಂತಲೂ ಅನ್ನಲಿಲ್ಲ. "ನಿನಗೆ ತುಂಬಾ ಭಯ ಆಗ್ತಿದೆ ಅಲ್ವಾ, ನನಗೆ ಕಾಣ್ತಿದೆ" ಅಷ್ಟೇ ಅಂದೆ. ಅವನು ಅವತ್ತು ಮೊದಲ ಸಲ ನನ್ನ ಕಡೆ ತಿರುಗಿ ನೋಡಿದ.

ಒಂದು ರಾತ್ರಿ ಅವನು ಮಲಗಿದ ಹಾಗೆ ಕಂಡಾಗ ಮಹಡಿಗೆ ಹೋಗಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ ಅದರ ಹೆಸರು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ, ಮನಸ್ಸಿನ ತೊಂದರೆಗೆ ನೆರವಾಗುವ ಉಚಿತ ಸೇವೆ, ಹೊತ್ತುಗೊತ್ತಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯವರೇ ಫೋನ್ ಮಾಡಬೇಕು ಅಂತೇನಿಲ್ಲ. "ನಮ್ಮಣ್ಣ ವಿಚಿತ್ರವಾಗಿ ಆಡ್ತಿದ್ದಾನೆ" ಅಂತ ಶುರು ಮಾಡಿದೆ. ಆ ಕಡೆಯ ಹೆಣ್ಣುಮಗಳು ಮೆತ್ತಗೆ ಕೇಳಿದಳು: "ವಿಚಿತ್ರ ಅಂದ್ರೆ ಏನು ಮೇಡಂ? ನೀವು ಕಣ್ಣಾರೆ ಕಂಡದ್ದು ಹೇಳಿ."

ಆ ಒಂದು ಪ್ರಶ್ನೆ ಇಡೀ ವಾರ ನನ್ನ ಕೈ ಹಿಡಿಯಿತು. ಅವತ್ತೇ ಒಂದು ನೋಟ್‌ಬುಕ್ ತೆಗೆದೆ. ಹೇಗೆ ಬರೆದೆ ಅಂದರೆ: "ಸೋಮವಾರ. ರಾತ್ರಿ 3ರಿಂದ 4ರವರೆಗೆ ಮಾತ್ರ ಮಲಗಿದ. ಮಂಗಳವಾರ. ಮಲಗಲೇ ಇಲ್ಲ. ಬೆಳಗ್ಗೆಯಿಂದ ನಲ್ಲಿ ನೀರು ಬಿಟ್ಟು ಏನೂ ಮುಟ್ಟಿಲ್ಲ. ಬುಧವಾರ. ಪಕ್ಕದ ಮನೆಯವರ ಗೇಟಿಗೆ ಹೋಗಿ, ನನ್ನ ಮಾತು ಕದ್ದು ಕೇಳಿದ್ರೆ ಬಿಡಲ್ಲ ಅಂತ ಕೂಗಿದ. ಕೈ ಎತ್ತಲಿಲ್ಲ." ಕೈ ಎತ್ತಲಿಲ್ಲ ಅನ್ನುವುದನ್ನೂ ಬರೆದೆ. ನಿಜ ಬರೆಯುವುದಾದರೆ ಅವನ ಪರವಾಗಿರುವುದೂ ಅದರಲ್ಲಿ ಇರಬೇಕು.

ನಾಳೆ ಡಾಕ್ಟರ್ ಮುಂದೆ ಕೂತಾಗ ಅಳು ಬರುತ್ತದೆ, ಗಂಟಲು ಕಟ್ಟುತ್ತದೆ, ಮೂರು ದಿನದ ಹಿಂದಿನದು ಮರೆತುಹೋಗಿರುತ್ತದೆ. ಎಷ್ಟೋ ಸಲ ಕಾಯಿಲೆಯವರು ಡಾಕ್ಟರ್ ಎದುರು ಅರ್ಧ ಗಂಟೆ ತುಂಬ ಚೆನ್ನಾಗಿ ಮಾತಾಡಿಬಿಡುತ್ತಾರೆ. ಆಗ ಉಳಿಯುವುದು ಈ ನೋಟ್‌ಬುಕ್ ಒಂದೇ.

ಕಾನೂನು ಕೇಳುವುದೂ ಇದನ್ನೇ. ನಮ್ಮ ದೇಶದಲ್ಲಿ ಈಗಿರುವುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಜಾರಿಗೆ ಬಂದದ್ದು 2018ರಲ್ಲಿ. ಒಬ್ಬರ ಒಪ್ಪಿಗೆ ಇಲ್ಲದೆ ಆಸ್ಪತ್ರೆಗೆ ಸೇರಿಸಬೇಕಾದರೆ ಅದರ 89ನೇ ಕಲಂ ಮೂರು ವಿಷಯ ನೋಡುತ್ತದೆ. ಇತ್ತೀಚೆಗೆ ತನಗೆ ತಾನೇ ಅಪಾಯ ಮಾಡಿಕೊಳ್ಳಲು ಹೋಗಿದ್ದಾರಾ, ಮಾಡಿಕೊಳ್ಳುತ್ತೇನೆ ಅಂದಿದ್ದಾರಾ? ಬೇರೆಯವರ ಮೇಲೆ ಕೈ ಮಾಡಿದ್ದಾರಾ, ಪೆಟ್ಟು ಬೀಳಬಹುದು ಎಂಬ ಭಯ ಹುಟ್ಟಿಸಿದ್ದಾರಾ? ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಪಾಯಕ್ಕೆ ಬಿದ್ದಿದ್ದಾರಾ? ಇದರಲ್ಲಿ ಒಂದಾದರೂ ಇರಬೇಕು. ಕಾಯಿಲೆ ತೀವ್ರವಾಗಿರಬೇಕು. ಚಿಕಿತ್ಸೆಯ ಬಗ್ಗೆ ತಾವೇ ತೀರ್ಮಾನ ಮಾಡುವ ಸ್ಥಿತಿಯಲ್ಲಿ ಅವರು ಇರಬಾರದು. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅವರಲ್ಲಿ ಒಬ್ಬರು ಸೈಕಿಯಾಟ್ರಿಸ್ಟ್ ಆಗಿರಲೇಬೇಕು. ಇಷ್ಟೆಲ್ಲ ಆದರೂ ಮೊದಲಿಗೆ 30 ದಿನ ಮಾತ್ರ.

ಮೊದಲು ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ಮನೆಯವರ ಮಾತಿಗೆ ಬೆಲೆಯೇ ಇಲ್ವಾ ಅನ್ನಿಸಿತ್ತು. ಆಮೇಲೆ ಎರವಾಡಿ ನೆನಪಾಯಿತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟುಕೊಂಡಿದ್ದ ಒಂದು ಕಡೆ ಬೆಂಕಿ ಬಿತ್ತು. 28 ಜನ ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಲಾಗಿತ್ತು, ಓಡಲು ಆಗಲಿಲ್ಲ. ಅವರಲ್ಲಿ ಎಷ್ಟೋ ಜನರನ್ನು ಅಲ್ಲಿ ಬಿಟ್ಟುಬಂದವರು ಮನೆಯವರೇ. ಈಗಿನ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಸಮಾಜದ ರೀತಿನೀತಿಗೆ, ಅಥವಾ ಸುತ್ತಲಿನವರ ನಂಬಿಕೆಗೆ ಹೊಂದಿಕೊಳ್ಳದಿರುವುದನ್ನೇ ಕಾಯಿಲೆ ಅನ್ನುವ ಹಾಗಿಲ್ಲ ಅಂತಲೂ ಬರೆದಿದೆ. ಆಸ್ತಿ ಜಗಳಕ್ಕೆ, ಇಷ್ಟವಿಲ್ಲದ ಮದುವೆಗೆ ಮಕ್ಕಳನ್ನೂ ಹೆಂಡತಿಯನ್ನೂ ಹುಚ್ಚರು ಅಂತ ಹೇಳಿ ಒಳಗೆ ಹಾಕಲು ನೋಡುವವರಿದ್ದಾರೆ. ಆ ಬಾಗಿಲು ಬಿಗಿಯಾಗಿಯೇ ಇರಬೇಕು. ನನ್ನಂಥವಳು ತಟ್ಟಿದಾಗಲೂ.

ಅಣ್ಣನನ್ನು ಕರೆದುಕೊಂಡು ಹೋಗುವ ಮೊದಲು ನಾನೊಬ್ಬಳೇ ಆಸ್ಪತ್ರೆಗೆ ಹೋಗಿ ಬಂದೆ. ನೋಡದೆ ಔಷಧಿ ಬರೆಯಲ್ಲ ಅಂತ ಡಾಕ್ಟರ್ ಖಂಡಿತವಾಗಿ ಹೇಳಿದರು. ಸರಿಯೇ. ಆದರೆ ರಾತ್ರಿ ಯಾರು ಡ್ಯೂಟಿಯಲ್ಲಿರುತ್ತಾರೆ, ಹಾಸಿಗೆ ಇದೆಯಾ, ಏನೇನು ತರಬೇಕು, ಎಲ್ಲ ತಿಳಿಯಿತು. ಅಣ್ಣ ತನ್ನ ಪರವಾಗಿ ಯಾರನ್ನೂ ನೇಮಿಸಿರಲಿಲ್ಲ. ಹಾಗಿದ್ದಾಗ ರಕ್ತಸಂಬಂಧಿಯಾಗಿ ನಾನು ಅವನ ನಾಮನಿರ್ದೇಶಿತ ಪ್ರತಿನಿಧಿ ಆಗಬಹುದು, ಸೇರಿಸುವ ಅರ್ಜಿಗೆ ಸಹಿ ಹಾಕಬಹುದು ಅಂದರು. "ಏನು ಹೇಳಿ ಕರ್ಕೊಂಡು ಬರ್ತೀರಮ್ಮ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗುರುವಾರ ರಾತ್ರಿ ಅವನ ರೂಮಿನಲ್ಲಿ ಕೂತು ನೇರವಾಗಿ ಕೇಳಿದೆ. "ಅಣ್ಣ, ಸತ್ತುಹೋಗಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗಲ್ಲ. ಅವನು ಬಹಳ ಹೊತ್ತು ಸುಮ್ಮನಿದ್ದ. "ಅವರು ಬರೋ ಮುಂಚೆ ನಾನೇ ಹೋಗಿಬಿಡ್ತೀನಿ" ಅಂದ. ಆ ರಾತ್ರಿ ಅಮ್ಮನೂ ನಾನೂ ಸರದಿ ಮೇಲೆ ಎಚ್ಚರವಾಗಿದ್ದೆವು. ಮನೆಯಲ್ಲಿದ್ದ ಮಾತ್ರೆಗಳನ್ನೂ ಚೂಪಾದ ವಸ್ತುಗಳನ್ನೂ ಪಕ್ಕದ ಮನೆಗೆ ಸಾಗಿಸಿದೆವು. ನೋಟ್‌ಬುಕ್‌ನಲ್ಲಿ ಅವನ ಮಾತನ್ನು ಅವನು ಆಡಿದ ಹಾಗೆಯೇ ಬರೆದೆ. ಕೈ ನಡುಗಿ ಅಕ್ಷರ ಸೊಟ್ಟಗಾಯಿತು. ಇನ್ನು ಕಾಯುವ ಹಾಗಿರಲಿಲ್ಲ. ಅದೇ ಗಳಿಗೆಯಲ್ಲಿ ಪ್ರಾಣಕ್ಕೆ ಅಪಾಯ ಇದ್ದಿದ್ದರೆ ಬೆಳಗಾಗುವವರೆಗೂ ಕಾಯುತ್ತಿರಲಿಲ್ಲ, 112ಕ್ಕೆ ಫೋನ್ ಮಾಡುತ್ತಿದ್ದೆ. ಆತ್ಮಹತ್ಯೆಗೆ ಪ್ರಯತ್ನ ಪಟ್ಟರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಎಷ್ಟೋ ಮನೆಯವರು ಫೋನ್ ಮಾಡುವುದೇ ಇಲ್ಲ. 2017ರ ಕಾಯ್ದೆಯ 115ನೇ ಕಲಂ ಪ್ರಕಾರ ಅಂಥವರನ್ನು ತೀವ್ರ ಒತ್ತಡದಲ್ಲಿರುವವರು ಎಂದೇ ನೋಡಬೇಕು, ಶಿಕ್ಷಿಸುವ ಹಾಗಿಲ್ಲ.

ಬೆಳಗ್ಗೆ ಮಾವ ಫೋನ್ ಮಾಡಿ "ಏನಾದ್ರೂ ನೆಪ ಹೇಳಿ ಕಾರು ಹತ್ತಿಸಮ್ಮ, ಆಮೇಲೆ ಅವರು ನೋಡ್ಕೋತಾರೆ" ಅಂದರು. ಅವರದು ಕೆಟ್ಟ ಮಾತಲ್ಲ. ಹೊಡೆದಾಟ ನೋಡಲಾರದವರ ಮಾತು. ನಾನು ಫೋನ್ ಇಟ್ಟು ಠಾಣೆಗೆ ಹೋದೆ. ಮಾನಸಿಕ ಕಾಯಿಲೆಯಿಂದ ತನಗೋ ಬೇರೆಯವರಿಗೋ ಅಪಾಯವಾಗುವಂಥ ಸ್ಥಿತಿಯಲ್ಲಿ ಯಾರಾದರೂ ಇದ್ದರೆ, ಅವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ಪೊಲೀಸರ ಕರ್ತವ್ಯ ಅಂತ 100ನೇ ಕಲಂ ಹೇಳುತ್ತದೆ. ಲಾಕಪ್‌ನಲ್ಲಿ ಇಡುವ ಹಾಗಿಲ್ಲ. ಬೇಕಾದರೆ ಮ್ಯಾಜಿಸ್ಟ್ರೇಟ್ ಕೂಡ ಪರೀಕ್ಷೆಗೆ ಆದೇಶ ಕೊಡಬಹುದು, ಅದಕ್ಕಾಗಿ 10 ದಿನದವರೆಗೆ ಆಸ್ಪತ್ರೆಯಲ್ಲಿ ಇರಿಸಬಹುದು. ನಮಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಸೈರನ್ ಬೇಡ, ಆಗುವುದಾದರೆ ಯೂನಿಫಾರ್ಮ್ ಇಲ್ಲದೆ ಬನ್ನಿ, ಅವನ ಹತ್ರ ಆಯುಧ ಏನೂ ಇಲ್ಲ, ಜೋರಾಗಿ ಮಾತಾಡಿದರೆ ಹೆದರುತ್ತಾನೆ ಅಂತ ಮೊದಲೇ ಹೇಳಿದೆ. ಅವರು ಬರೆದುಕೊಂಡರು.

ಅವರು ಗೇಟಿನ ಹೊರಗೆ ನಿಂತಾಗ ನಾನು ಒಳಗೆ ಹೋದೆ. ಅಣ್ಣ ಮಂಚದ ಮೇಲೆ ಕೂತಿದ್ದ. ಬಾಗಿಲ ದಾರಿ ಬಿಟ್ಟು, ಕೈಗೆಟುಕದಷ್ಟು ದೂರದಲ್ಲಿ ಕೂತೆ.

"ಅಣ್ಣ, ಇವತ್ತು ನಾನು ಸುಳ್ಳು ಹೇಳಲ್ಲ. ನಿನ್ನನ್ನ ಡಾಕ್ಟರ್‌ಗೆ ತೋರಿಸ್ಬೇಕು. ಕಣ್ಣಿನ ಡಾಕ್ಟರ್ ಅಲ್ಲ, ಮನಸ್ಸಿನ ಡಾಕ್ಟರ್. ನೀನು ಒಪ್ಪದೇ ಇದ್ರೂ ಕರ್ಕೊಂಡು ಹೋಗ್ತೀನಿ. ಹೊರಗೆ ಇಬ್ಬರು ಪೊಲೀಸ್‌ನೋರು ಇದ್ದಾರೆ, ನಾನೇ ಕರೆದಿದ್ದು. ನಿನ್ನೆ ನೀನು ಹೇಳಿದ ಮಾತು ಕೇಳಿ ನನಗೆ ಭಯ ಆಯ್ತು. ನಾನೂ ಜೊತೆಗೆ ಬರ್ತೀನಿ."

ನಿಜ ಹೇಳಿದ ತಕ್ಷಣ ಅವನು ಕರಗಿಬಿಟ್ಟ ಅಂತ ಬರೆಯಬೇಕು ಅಂತ ಆಸೆ ಇದೆ. ಹಾಗಾಗಲಿಲ್ಲ. ಅವನು ಕಿರುಚಿದ. ದಿಂಬು ಎಸೆದ. ನನ್ನನ್ನು ಏನೇನೋ ಅಂದ. ಅದನ್ನು ಇಲ್ಲಿ ಬರೆಯಲ್ಲ, ಅದು ಅವನ ಮಾತಲ್ಲ. ನಲವತ್ತು ನಿಮಿಷ ಹಾಗೇ ಹೋಯಿತು. ನಾನು ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳುತ್ತಾ ಕೂತೆ. ಬಾಗಿಲ ಆಚೆ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಕೊನೆಗೆ ಆ ಇಬ್ಬರಲ್ಲಿ ವಯಸ್ಸಾದವರು ಒಳಗೆ ಬಂದರು. ನೆಲದ ಕಡೆ ನೋಡಿ, "ಬನ್ನಿ ಸರ್. ನಿಮ್ಮ ಚಪ್ಪಲಿ ಎಲ್ಲಿದೆ?" ಅಂದರು. ಅಣ್ಣ ಸುತ್ತಮುತ್ತ ನೋಡಿದ. ಚಪ್ಪಲಿ ಮಂಚದ ಕೆಳಗಿತ್ತು. ಅವರೇ ಬಗ್ಗಿ ತೆಗೆದು ಅವನ ಪಾದದ ಹತ್ತಿರ ಇಟ್ಟರು. ಅವನು ಹಾಕಿಕೊಂಡ. ಎದ್ದು ನಿಂತ.

ಆ ಚಪ್ಪಲಿಯನ್ನು ನಾನು ಸಾಯುವವರೆಗೂ ಮರೆಯಲ್ಲ.

ಆಸ್ಪತ್ರೆಯಲ್ಲಿ ಮೊದಲು ಅವನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು. ಆಮೇಲೆ ನನ್ನನ್ನು ಕರೆದರು. ರಕ್ತ ತೆಗೆದು ಸಕ್ಕರೆ, ಸೋಡಿಯಂ, ಥೈರಾಯ್ಡ್ ನೋಡಿದರು. ತಲೆಗೆ ಪೆಟ್ಟು ಬಿದ್ದಿತ್ತಾ, ಜ್ವರ ಇತ್ತಾ, ಕುಡಿಯುತ್ತಿದ್ದು ಥಟ್ಟನೆ ಬಿಟ್ಟರಾ, ಬೇರೆ ಯಾವ ಮಾತ್ರೆ ತಗೋತಾರೆ ಅಂತ ಒಂದೊಂದಾಗಿ ಕೇಳಿದರು. ಸೋಡಿಯಂ ತೀರಾ ಇಳಿದರೂ, ಮೆದುಳಿಗೆ ಸೋಂಕಾದರೂ ಜನ ಹೀಗೇ ಆಡಬಹುದು. ಅದನ್ನು ಮನಸ್ಸಿನ ಕಾಯಿಲೆ ಅಂದುಕೊಂಡು ಕೂತರೆ ಪ್ರಾಣವೇ ಹೋದೀತು. ಪರೀಕ್ಷೆಗೆ ಕರೆದೊಯ್ಯುವುದು ಎಂದರೆ ಸೇರಿಸಿಬಿಡುವುದು ಅಂತಲ್ಲ ಎಂದು ನನಗೆ ಅಲ್ಲಿ ಅರ್ಥವಾಯಿತು. ಪರೀಕ್ಷೆ ಮಾಡಿ, ಸೇರಿಸುವುದು ಬೇಡ ಅಂತ ವಾಪಸ್ ಕಳಿಸುವ ಸಾಧ್ಯತೆಯೂ ಇರುತ್ತದೆ. ಎರಡನೇ ಡಾಕ್ಟರ್ ಬಂದು ಬೇರೆಯಾಗಿ ನೋಡಿದರು. ನೋಟ್‌ಬುಕ್ ಕೇಳಿ ತೆಗೆದುಕೊಂಡು, ಪುಟ ತಿರುಗಿಸಿ ಪೂರ್ತಿ ಓದಿದರು. ಅಣ್ಣ ಅವರಿಗೆ ಹೇಳಿದ್ದು ಇಷ್ಟೇ: "ನನಗೇನೂ ಆಗಿಲ್ಲ. ಇವರೆಲ್ಲ ಸೇರಿ ನನ್ನನ್ನ ತಂದಿದ್ದಾರೆ."

ಸಹಿ ಹಾಕಿದೆ.

ಮೂರನೇ ದಿನ ನೋಡಲು ಹೋದಾಗ ಅವನ ಕೈಯಲ್ಲಿ ಒಂದು ಹಾಳೆ ಇತ್ತು. ರೋಗಿಯ ಹಕ್ಕುಗಳು ಅಂತ ಆಸ್ಪತ್ರೆಯವರು ಕೊಟ್ಟದ್ದು. ಅದನ್ನು ಕಣ್ಣಿನ ಹತ್ತಿರ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡಿದ್ದ. "ಕನ್ನಡಕ ತಂದ್ಯಾ?" ಅಂದ. ನಾನು ನೋಟ್‌ಬುಕ್ ತಂದಿದ್ದೆ, ಹಳೇ ಕೇಸ್ ಶೀಟ್, ಬಟ್ಟೆ, ಆಧಾರ್ ಎಲ್ಲ ತಂದಿದ್ದೆ. ಟೇಪ್ ಸುತ್ತಿದ ಆ ಕನ್ನಡಕ ಮನೆಯಲ್ಲಿ, ಅವನ ದಿಂಬಿನ ಪಕ್ಕದಲ್ಲೇ ಉಳಿದಿತ್ತು. ಮೂರು ದಿನ ಅವನಿಗೆ ಡಾಕ್ಟರ್‌ಗಳ ಮುಖವೂ ಸರಿಯಾಗಿ ಕಂಡಿರಲಿಲ್ಲ. ಯಾರು ಬಂದರು, ಯಾರು ಹೋದರು, ಎಲ್ಲ ಮಸುಕು. ಮೊದಲೇ ಯಾರೋ ಹಿಂದೆ ಬಿದ್ದಿದ್ದಾರೆ ಅಂತ ಹೆದರಿದ್ದವನು. ಅವತ್ತು ಸಂಜೆಯೇ ಮನೆಗೆ ಓಡಿ ಹೋಗಿ ತಂದುಕೊಟ್ಟೆ.

ಕನ್ನಡಕ ಹಾಕಿಕೊಂಡು ಅವನು ಮಾಡಿದ ಮೊದಲ ಕೆಲಸ, ಆ ಹಾಳೆ ಪೂರ್ತಿ ಓದಿದ್ದು. ಎರಡನೆಯದು, ತನ್ನನ್ನು ಇಲ್ಲಿ ಇಟ್ಟದ್ದು ತಪ್ಪು, ಬಿಡಿಸಿ ಅಂತ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಅರ್ಜಿ ಬರೆದದ್ದು. ಹೀಗೆ ಸೇರಿಸಿದ ಮೇಲೆ ಆಸ್ಪತ್ರೆ ಆ ಮಂಡಳಿಗೆ 7 ದಿನದೊಳಗೆ ತಿಳಿಸಲೇಬೇಕು. ಹೆಂಗಸರಾದರೆ, ಚಿಕ್ಕ ಮಕ್ಕಳಾದರೆ 3 ದಿನ. ರೋಗಿಗೆ ಉಚಿತ ವಕೀಲರ ನೆರವೂ ಸಿಗುತ್ತದೆ. ಅರ್ಜಿಯಲ್ಲಿ ನನ್ನ ಹೆಸರಿತ್ತು. ತುಂಬಾ ನೋವಾಯಿತು. ಡಾಕ್ಟರ್ ಮಾತ್ರ ಸಮಾಧಾನವಾಗಿ, "ಬರೀಲಿ ಬಿಡಮ್ಮ. ಕೂತು ಒಂದು ಪುಟ ಬರೆಯೋಕಾಗ್ತಿದೆ ಅಂದ್ರೆ ನಿದ್ದೆ ಹತ್ತಿದೆ ಅಂತ" ಅಂದರು. ಯೋಚನೆ ಮಾಡಿದೆ. ಮೊದಲ ಸಲ ಅವನಿಗೆ ಹೀಗೊಂದು ಹಾಳೆ ಸಿಕ್ಕಿತ್ತಾ, ನಾನು ಕೇಳಿಯೂ ಇರಲಿಲ್ಲ. ಈ ಸಲ ಅವನ ಸಿಟ್ಟಿಗೆ ಹೋಗಲು ಒಂದು ವಿಳಾಸ ಇತ್ತು.

ಅವನ ತಿಳಿವು ಎಷ್ಟು ಮರಳಿದೆ ಅಂತ ಏಳು ದಿನಕ್ಕೊಮ್ಮೆ ನೋಡಬೇಕು ಅಂತ ಕಾಯ್ದೆಯಲ್ಲಿದೆ. ಎರಡನೇ ಸಲ ನೋಡಿದಾಗ, ಇನ್ನು ಇವರನ್ನು ಒಪ್ಪಿಗೆ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ ಅಂದರು. ನಾನು ಬ್ಯಾಗ್ ತಂದಿದ್ದೆ. ಅಣ್ಣ ಒಂದು ರಾತ್ರಿ ಯೋಚಿಸಿ, ಇನ್ನೂ ನಾಲ್ಕು ದಿನ ಇರ್ತೀನಿ, ಮಾತ್ರೆ ಒಗ್ಗಲಿ ಅಂತ ತಾನೇ ಸಹಿ ಹಾಕಿದ. ಅರ್ಜಿ ವಾಪಸ್ ತೆಗೆದುಕೊಂಡ.

ಮನೆಗೆ ಬಂದು ಮೂರು ತಿಂಗಳಾದ ಮೇಲೆ ಒಂದು ಸಂಜೆ ಅವನು ಬಿಳಿ ಹಾಳೆ ಹಿಡಿದುಕೊಂಡು ಬಂದ. ಮತ್ತೆ ಕಾಯಿಲೆ ಬಂದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು ಅಂತ ಚೆನ್ನಾಗಿರುವಾಗಲೇ ಬರೆದಿಡಲು ಈ ಕಾಯ್ದೆ ಅವಕಾಶ ಕೊಡುತ್ತದೆ. ಮುಂಗಡ ನಿರ್ದೇಶನ ಅನ್ನುತ್ತಾರೆ. ನಿಯಮದ ಪ್ರಕಾರ ಇಬ್ಬರು ಸಾಕ್ಷಿಗಳ ಸಹಿ ಬೇಕು, ಮಂಡಳಿಯಲ್ಲಿ ನೋಂದಣಿ ಆಗಬೇಕು. ಮೊದಲು ಮನಸ್ಸಿನಲ್ಲಿರುವುದನ್ನು ಬರೆದುಬಿಡ್ತೀನಿ, ಫಾರಂ ಆಮೇಲೆ ಅಂದ. ಟೇಬಲ್ ಮೇಲೆ ಬಗ್ಗಿ, ಟೇಪ್ ಸುತ್ತಿದ ಕನ್ನಡಕವನ್ನು ಒಂದು ಕೈಯಲ್ಲಿ ಮೇಲೆತ್ತಿ ಹಿಡಿದು ಬರೆದ. ಪ್ರತಿನಿಧಿ ಅನ್ನುವ ಕಡೆ ನನ್ನ ಹೆಸರು. ಯಾವ ಔಷಧಿ ಒಗ್ಗುತ್ತದೆ, ಯಾವುದರಿಂದ ಕೈ ನಡುಗುತ್ತದೆ. ಆಮೇಲೆ ಮೂರು ಸಾಲು:

"ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀರಿ ಎಂದು ಮೊದಲು ನನಗೆ ಹೇಳಬೇಕು. ನಾನು ಕೂಗಾಡಿದರೂ ಹೇಳಬೇಕು. ಕನ್ನಡಕ ಜೊತೆಗೆ ತರಬೇಕು."

ಓದಿ ನೋಡು ಅಂತ ನನ್ನ ಕಡೆ ತಳ್ಳಿದ. ಓದಿದೆ. ಅವನು ಕಣ್ಣುಜ್ಜಿಕೊಂಡ.

"ಸಾಲು ಸರಿಯಾಗಿ ಕಾಣ್ತಾನೇ ಇಲ್ಲ ಕಣೆ. ನಾಳೆ ಕಣ್ಣಿನ ಡಾಕ್ಟರ್ ಹತ್ರ ಹೋಗೋಣ್ವಾ?"